ನಾನು ಫಾರ್ವರ್ಡ್ ಮಾಡಿದ ಆ ಕಾರ್ಟೂನ್

ಕಳೆದ ಬೇಸಿಗೆಯಲ್ಲಿ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಕಾರ್ಟೂನ್ ಕ್ಲಿಪ್ ಹಾಕಿದ್ದೆ. ಒಂದು ಕಡೆ ಕೂರದ ಮಕ್ಕಳಿಗೆ ಔಷಧಿಯೇ ಇಲ್ಲದ ಹೊಸ ಚಿಕಿತ್ಸೆ ಅಂತ ಒಬ್ಬ ಡಾಕ್ಟರು ತೋರಿಸ್ತಾನೆ. ಏನದು? ಮಗುವಿನ ಕೆನ್ನೆಗೆ ಒಂದೇಟು, ಜೊತೆಗೆ "ಕೂತ್ಕೊಂಡು ಓದು!" ಅನ್ನೋ ಗದರಿಕೆ. ಅಷ್ಟೇ.

ಬೆಂಗಳೂರಿನಿಂದ ಸಿದ್ದಾಪುರದವರೆಗೆ ಎಲ್ಲರೂ ನಕ್ಕರು. "ನಮ್ಮ ಕಾಲದಾಗ ಇದ ಇತ್ತು ನೋಡ್ರಿ ಗುಳಿಗಿ" ಅಂತ ಮಾವ ವಾಯ್ಸ್ ಮೆಸೇಜ್ ಕಳಿಸಿದರು. ಅಕ್ಕ ಮಾತ್ರ ಏನೂ ಹೇಳಲಿಲ್ಲ. ರಾತ್ರಿ ಫೋನ್ ಬಂತು. "ನಿಮಗ ನಗಿ ಬರ್ತೈತಿ. ನನ್ನ ಮಗ ಆ ಗುಳಿಗಿ ದಿನಾ ತಿನ್ನಾಕತ್ಯಾನ."

ಅಕ್ಕನ ಮಗನಿಗೆ ಆಗ ಎಂಟು ವರ್ಷ. ನಮ್ಮ ಸಿದ್ದಾಪುರ ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಊರು. ಸುತ್ತ ಭತ್ತದ ಗದ್ದೆ. ಹುಡುಗ ಊಟಕ್ಕೆ ಕೂತವನು ಎರಡು ತುತ್ತಿಗೆ ಎದ್ದು, ಮೂರನೇ ತುತ್ತಿನ ಹೊತ್ತಿಗೆ ಕಾಲುವೆ ದಂಡೆ ಮೇಲಿರ್ತಿದ್ದ. ಕ್ಲಾಸಿನಲ್ಲಿ ಪ್ರಶ್ನೆ ಮುಗಿಯೋ ಮೊದಲೇ ಉತ್ತರ. ತಿಂಗಳಿಗೆ ನಾಲ್ಕು ಪೆನ್ಸಿಲ್ ಬಾಕ್ಸ್ ಮಾಯ. ಊರಿನವರು ಕೊಟ್ಟ ಹೆಸರು 'ತುಂಟ'. ಕೊಟ್ಟ ಔಷಧಿ ಬೆತ್ತ, ತಾಯತ, ಹರಕೆ. ಅಕ್ಕನಿಗೆ ಸಿಕ್ಕಿದ್ದು "ಸರಿಯಾಗಿ ಬೆಳೆಸಿಲ್ಲ" ಅನ್ನೋ ಮಾತು.

ಕಾರ್ಟೂನ್ ನಿಜಕ್ಕೂ ನಕ್ಕಿದ್ದು ಯಾರನ್ನ?

ಫೋನ್ ಇಟ್ಟ ಮೇಲೆ ಆ ಎಪಿಸೋಡ್ ಪೂರ್ತಿ ನೋಡಿದೆ. ಅದು 'ಸೌತ್ ಪಾರ್ಕ್' ಸರಣಿಯದು, 2000ದ ಏಪ್ರಿಲ್‌ನಲ್ಲಿ ಪ್ರಸಾರವಾದದ್ದು. ಅದರಲ್ಲಿ ಮಕ್ಕಳ ಗಮನಶಕ್ತಿ ಪರೀಕ್ಷಿಸೋಕೆ ಒಂದು ಇಡೀ ಕಾದಂಬರಿಯನ್ನ ಓದಿ ಹೇಳ್ತಾರೆ. ಕೊನೆಗೆ ಒಂದು ಚಿಲ್ಲರೆ ಪ್ರಶ್ನೆ. ಉತ್ತರ ಗೊತ್ತಾಗದ ಮಕ್ಕಳಿಗೆಲ್ಲ 'ರಿಟಾಲಿನ್' ಮಾತ್ರೆ! ಇಡೀ ಕ್ಲಾಸು ಮಂಕಾಗಿ ಕೂರುತ್ತೆ.

ಅದಕ್ಕೂ ಮೊದಲು, 1999ರ ಅಕ್ಟೋಬರ್‌ನಲ್ಲಿ, 'ದಿ ಸಿಂಪ್ಸನ್ಸ್' ಇದೇ ವಿಷಯ ಎತ್ತಿಕೊಂಡಿತ್ತು. ತಂಟೆಕೋರ ಬಾರ್ಟ್‌ಗೆ ಶಾಲೆಯಿಂದ ಎರಡೇ ದಾರಿ: 'ಫೋಕಸಿನ್' ಅನ್ನೋ ಕಾಲ್ಪನಿಕ ಮಾತ್ರೆ ತಗೋ, ಇಲ್ಲ ಶಾಲೆ ಬಿಡು. ಮಾತ್ರೆ ತಗೊಂಡ ಹುಡುಗ ಮೊದಲು ಜಾಣನಾಗ್ತಾನೆ, ಆಮೇಲೆ ಯಾರೋ ತನ್ನ ಮೇಲೆ ಕಣ್ಣಿಟ್ಟಿದ್ದಾರೆ ಅಂತ ಹೆದರಿ ಟ್ಯಾಂಕ್ ಕದ್ದು, ಉಪಗ್ರಹ ಹೊಡೆದುರುಳಿಸ್ತಾನೆ. ತಮಾಷೆ ಏನಂದ್ರೆ, ಬೇಸ್‌ಬಾಲ್ ಲೀಗ್ ನಿಜವಾಗಲೂ ಅದರಿಂದ ಬೇಹುಗಾರಿಕೆ ಮಾಡ್ತಿರುತ್ತೆ.

ಎರಡೂ ಕಥೆಗಳು ನಗೋದು ಮಕ್ಕಳನ್ನಲ್ಲ, ದೊಡ್ಡವರ ಅವಸರವನ್ನ. ಆಗ ಅಮೆರಿಕದಲ್ಲಿ ಈ ಮಾತ್ರೆಗಳ ಬಳಕೆ ಜೋರಾಗಿ ಏರಿತ್ತು. ಕೆನ್ನೆಗೆ ಹೊಡೆಯೋ 'ಚಿಕಿತ್ಸೆ'ಯೂ ಅಲ್ಲಿ ಒಂದು ಜೋಕ್. ನಮ್ಮಲ್ಲಿ ಅದು ಜೋಕಲ್ಲ, ದಿನಚರಿ. ಅವರು ಪರೀಕ್ಷೆ ಮಾಡದೆ ಮಾತ್ರೆ ಕೊಟ್ಟರು, ನಾವು ಪರೀಕ್ಷೆ ಮಾಡದೆ ಏಟು ಕೊಟ್ಟೆವು. ಇಬ್ಬರಿಗೂ ಬೇಕಿದ್ದದ್ದು ಮಗು ಸುಮ್ಮನಿರೋದು, ಅಷ್ಟೇ.

ಡಾಕ್ಟರು ಹೇಗೆ ನೋಡ್ತಾರೆ?

ಅಕ್ಕ ಹೇಳಿದ್ದು ಕೇಳಿ ನನಗೆ ಆಶ್ಚರ್ಯ. ಮೊದಲ ದಿನ ಮಾತ್ರೆಯನ್ನೇ ಬರೆಯಲಿಲ್ಲವಂತೆ. ಕಣ್ಣು, ಕಿವಿ ತಪಾಸಣೆ. ನಿದ್ದೆ ಹೇಗೆ, ರಕ್ತ ಕಡಿಮೆ ಇದೆಯಾ ಅನ್ನೋ ವಿಚಾರಣೆ. ಮನೆಯವರಿಗೊಂದು ಪ್ರಶ್ನೆಪಟ್ಟಿ, ಟೀಚರಿಗೊಂದು.

ಎಡಿಎಚ್‌ಡಿ ಅಂತ ಹೇಳೋಕೆ ಒಂದು ರಕ್ತಪರೀಕ್ಷೆಯಾಗಲಿ, ಸ್ಕ್ಯಾನ್ ಆಗಲಿ ಇಲ್ಲ. ಅದಕ್ಕೇ ಇಷ್ಟು ಎಚ್ಚರ. ಲಕ್ಷಣಗಳು ಕನಿಷ್ಠ 6 ತಿಂಗಳಿಂದ ಇರಬೇಕು, 12 ವರ್ಷದೊಳಗೇ ಕಾಣಿಸಿರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕು. ಗಣಿತದ ಪೀರಿಯಡ್ಡಿನಲ್ಲಿ ಮಾತ್ರ ಚಡಪಡಿಸೋ ಹುಡುಗನಿಗೆ ತೊಂದರೆ ಇರೋದು ಗಣಿತದ್ದಿರಬಹುದು!

ರಿಟಾಲಿನ್ ಅನ್ನೋದು ಮೀಥೈಲ್‌ಫೆನಿಡೇಟ್‌ನ ಬ್ರ್ಯಾಂಡ್ ಹೆಸರು. 1944ರಲ್ಲಿ ಇದನ್ನ ತಯಾರಿಸಿದ ಲಿಯಾಂಡ್ರೊ ಪಾನಿಜ್ಜೋನ್, ಹೆಂಡತಿ ರೀಟಾಳ ಹೆಸರನ್ನೇ ಇಟ್ಟ. ಇದು ಉತ್ತೇಜಕ. ಓಡೋ ಮಗುವಿಗೆ ಉತ್ತೇಜಕ ಯಾಕೆ ಅಂತ ಅನಿಸುತ್ತೆ ಅಲ್ವಾ? ಗಮನ ಹಿಡಿಯೋಕೆ, ತಡೆದು ಯೋಚಿಸೋಕೆ ಬೇಕಾದ ಡೋಪಮೈನ್, ನಾರ್‌ಎಪಿನೆಫ್ರಿನ್‌ಗಳು ಮಿದುಳಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ಉಳಿಯೋ ಹಾಗೆ ಇದು ಮಾಡುತ್ತೆ. ಅಂದರೆ ಮಗುವನ್ನ ಮಲಗಿಸೋದಲ್ಲ, ಅದರ ಬ್ರೇಕ್ ಸರಿಮಾಡೋದು.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಹಸಿವು ಕಡಿಮೆಯಾಗುತ್ತೆ, ನಿದ್ದೆ ತಡವಾಗುತ್ತೆ. ತೂಕ, ಎತ್ತರ, ಬಿಪಿ ಆಗಾಗ ನೋಡ್ತಿರಬೇಕು. ಮಗು ಮಂಕಾದರೆ ಡೋಸ್ ಹೆಚ್ಚಾಗಿರಬಹುದು, ತಕ್ಷಣ ಡಾಕ್ಟರಿಗೆ ಹೇಳಬೇಕು. 6 ವರ್ಷದೊಳಗಿನವರಿಗೆ ಮೊದಲು ಮಾತ್ರೆಯಲ್ಲ, ಅಪ್ಪ-ಅಮ್ಮನಿಗೇ ತರಬೇತಿ. ದೊಡ್ಡ ಮಕ್ಕಳಿಗೂ ಮಾತ್ರೆಯ ಜೊತೆ ಶಾಲೆ-ಮನೆಯ ಸಹಾಯ ಬೇಕೇ ಬೇಕು.

ಎಲ್ಲಿ ಕೇಳೋದು?

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಶಾಲೆ, ಅಂಗನವಾಡಿಗಳಿಗೆ ಬರೋ ತಂಡ ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ತಂಡ ಬಂದಾಗ ಟೀಚರ್ ಮೂಲಕ ಕೇಳಿ. ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಎಲ್ಲಿಗೆ ಹೋಗೋದು ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ದೀಪಾವಳಿಗೆ ಊರಿಗೆ ಹೋದೆ. ಹುಡುಗ ಮಂಕಾಗಿರಲಿಲ್ಲ. ಬೇವಿನ ಮರ ಹತ್ತಿ ಕೂತಿದ್ದ. ಆದರೆ ಕೂಗಿದರೆ ಕೇಳಿಸಿಕೊಂಡು ಇಳಿದು ಬರ್ತಾನೆ, ಅದು ಹೊಸದು. ಮಧ್ಯಾಹ್ನ ಊಟ ಸೇರಲ್ಲ ಅಂತ ಅಕ್ಕ ಬೆಳಿಗ್ಗೆಯೇ ಮಾತ್ರೆಗೆ ಮೊದಲು ರೊಟ್ಟಿ, ಮೊಸರು, ಶೇಂಗಾ ಚಟ್ನಿ ಹಾಕಿ ಕೂರಿಸ್ತಾಳೆ.

ನಾನು ಕ್ಲಿಪ್ ಕಳಿಸಿದ್ದಕ್ಕೆ ಅಕ್ಕನ ಹತ್ತಿರ ತಪ್ಪಾಯ್ತು ಅಂದೆ. "ಹೋಗ್ಲಿ ಬಿಡು, ಈಗರೆ ಕೇಳಿದೆಲ್ಲ" ಅಂದಳು. ಅಷ್ಟರಲ್ಲಿ ಬಾಗಿಲಲ್ಲಿ ಮಾವ. ಗ್ರೂಪಿನಲ್ಲಿ ಗುಳಿಗಿ ಜೋಕ್ ಮಾಡಿದವರೇ. ಚಪ್ಪಲಿ ಬಿಡ್ತಾ ಅವರು ಕೇಳಿದ್ದು ಒಂದೇ ಮಾತು: "ಹುಡುಗ ಮುಂಜಾನಿ ಸರಿಯಾಗಿ ತಿಂದಾನೇನವಾ?"