ಎರಡನೇ ಬೈಟಿನ ಗುಟ್ಟು

ಆಟವನ್ನು ಬೇಕೆಂದಲ್ಲಿ ನಿಧಾನ ಮಾಡಿ, ಒಂದೊಂದು ಹೆಜ್ಜೆಯನ್ನೂ ಅಳೆದು ಇಡುವವನಿಗೆ, ತಪ್ಪಿದರೆ ಹಿಂದಕ್ಕೆ ಹೋಗಿ ಮತ್ತೆ ಆಡುವವನಿಗೆ ಕಷ್ಟವೇನು, ಸುಲಭವೇನು? ಕಂಪ್ಯೂಟರ್ ಸಲಕರಣೆಗಳ ನೆರವಿನಿಂದ ವಿಡಿಯೊ ಗೇಮನ್ನು ಆದಷ್ಟು ಬೇಗ ಮುಗಿಸಿ ತೋರಿಸುವ ‘ಟೂಲ್ ಅಸಿಸ್ಟೆಡ್ ಸ್ಪೀಡ್‌ರನ್’, ಚಿಕ್ಕದಾಗಿ ‘ಟಾಸ್’, ಹುಟ್ಟಿದ ಗಳಿಗೆಯಿಂದಲೇ ಈ ಪ್ರಶ್ನೆ ಅದರ ಬೆನ್ನಿಗಿದೆ. ಇದಕ್ಕೆ ಒಳ್ಳೆಯ ಉತ್ತರ ಅಡಗಿರುವುದು ‘ಡೂಮ್’ ಎಂಬ ಹಳೆಯ ಆಟದಲ್ಲಿ.

ಅಮೆರಿಕದ ಇಡ್ ಸಾಫ್ಟ್‌ವೇರ್ ಕಂಪನಿ 1993ರ ಡಿಸೆಂಬರ್ 10ರಂದು ಡೂಮ್ ಬಿಡುಗಡೆ ಮಾಡಿತು. ರಾಕ್ಷಸರನ್ನು ಗುಂಡಿಟ್ಟು ಕೊಲ್ಲುತ್ತ ಬಾಗಿಲು ಹುಡುಕುವ ಆಟ. ಅದರಲ್ಲಿ ಕಷ್ಟದ ಮಟ್ಟಗಳು ಮೊದಲು ನಾಲ್ಕು. 1994ರಲ್ಲಿ ‘ನೈಟ್‌ಮೇರ್’ ಎಂಬ ಐದನೆಯದು ಸೇರಿತು. ಅದನ್ನು ಆರಿಸಿದರೆ, ಇದು ನ್ಯಾಯದ ಆಟವಲ್ಲ, ನಿಜಕ್ಕೂ ಬೇಕೇ ಎಂದು ಆಟವೇ ಎಚ್ಚರಿಸುತ್ತದೆ.

ಡೂಮ್‌ಗೆ ಇನ್ನೊಂದು ವಿಶೇಷವಿತ್ತು. ನಾವು ಆಡಿದ್ದನ್ನು ‘ಡೆಮೊ’ ಎಂಬ ಪುಟ್ಟ ಫೈಲಿನಲ್ಲಿ ಉಳಿಸಬಹುದಿತ್ತು. ಅದರಲ್ಲಿ ಚಿತ್ರವಿಲ್ಲ, ಶಬ್ದವಿಲ್ಲ; ಆಟಗಾರನ ಚಲನೆಯ ಲೆಕ್ಕ ಮಾತ್ರ. ಸೆಕೆಂಡಿಗೆ 35 ಸಲ, ಸಲಕ್ಕೆ 4 ಬೈಟ್: ಮುಂದೆ-ಹಿಂದೆ ಎಷ್ಟು, ಪಕ್ಕಕ್ಕೆ ಎಷ್ಟು, ತಿರುಗಿದ್ದು ಎಷ್ಟು, ಯಾವ ಗುಂಡಿ ಒತ್ತಿದ್ದು. ಆಟ ಇದನ್ನು ಓದಿಕೊಂಡು ಎಲ್ಲವನ್ನೂ ಮೊದಲಿನಂತೆಯೇ ಮತ್ತೆ ಆಡಿಸುತ್ತದೆ. ಫೈಲಿನ ಮೊದಲ ಬೈಟು ಆಟದ ಆವೃತ್ತಿಯನ್ನು ಹೇಳುತ್ತದೆ. ಎರಡನೆಯದು ಕಷ್ಟದ ಮಟ್ಟ, 0ಯಿಂದ 4ರ ತನಕ ಒಂದು ಅಂಕಿ. ನಮ್ಮ ಕತೆ ಈ ಎರಡನೇ ಬೈಟಿನದು.

1994ರಲ್ಲೇ ‘ಕಾಂಪೆಟ್-ಎನ್’ ಎಂಬ ಡೆಮೊ ಸ್ಪರ್ಧೆ ಶುರುವಾಯಿತು. ಅಲ್ಲಿ ಮರ್ಯಾದೆಯಿದ್ದದ್ದು ಮೇಲಿನ ಎರಡು ಮಟ್ಟಗಳಿಗೆ, ‘ಅಲ್ಟ್ರಾ-ವಯಲೆನ್ಸ್’ ಮತ್ತು ‘ನೈಟ್‌ಮೇರ್’ಗೆ. ಕೈಬೆರಳಿನ ಚುರುಕನ್ನು ಪಣಕ್ಕಿಟ್ಟು ಆಡುವವರಿಗೆ ಇದು ಸಹಜ ಆಯ್ಕೆ. ಸುಲಭದಲ್ಲಿ ಗೆದ್ದು ಮೀಸೆ ತಿರುವಿದರೆ ಯಾರು ಕೇಳುತ್ತಾರೆ?

1997ರ ಡಿಸೆಂಬರ್‌ನಲ್ಲಿ ಇಡ್ ಸಾಫ್ಟ್‌ವೇರ್ ಡೂಮ್‌ನ ಮೂಲ ಕೋಡನ್ನೇ ಸಾರ್ವಜನಿಕರಿಗೆ ಕೊಟ್ಟಿತು. 1999ರ ಆರಂಭದಲ್ಲಿ ಆ್ಯಂಡಿ ಕೆಂಪ್ಲಿಂಗ್ ಅದನ್ನು ತಿದ್ದಿ, ಆಟವನ್ನು ನಿಧಾನಗತಿಯಲ್ಲಿ, ಹಲವು ಕಂತುಗಳಲ್ಲಿ ಡೆಮೊ ಮಾಡುವ ಆವೃತ್ತಿ ಹೊರತಂದರು. ಅದೇ ವರ್ಷದ ಜೂನ್‌ನಲ್ಲಿ ಇಂಥ ಡೆಮೊಗಳಿಗೆಂದೇ ಒಂದು ತಾಣವೂ ತೆರೆಯಿತು. ಈಗ ಬೆರಳಿನ ಚುರುಕು ಲೆಕ್ಕಕ್ಕಿಲ್ಲ. ಹಾಗಾದರೆ ಕಷ್ಟದ ಮಟ್ಟವನ್ನು ಯಾವ ಆಧಾರದ ಮೇಲೆ ಆರಿಸಬೇಕು?

ಕೋಡು ಕೈಯಲ್ಲಿದ್ದುದರಿಂದ ಊಹೆಯ ಅಗತ್ಯವಿರಲಿಲ್ಲ. ಎರಡನೇ ಬೈಟು ಬದಲಾದರೆ ಆಟದಲ್ಲಿ ಏನೇನು ಬದಲಾಗುತ್ತದೆಂದು ನೇರವಾಗಿ ಓದಬಹುದಿತ್ತು. ಹೆಸರು ಐದಾದರೂ ರಾಕ್ಷಸರನ್ನು ನಿಲ್ಲಿಸುವ ಕ್ರಮ ಮೂರೇ: ಕೆಳಗಿನ ಎರಡಕ್ಕೆ ಒಂದು, ನಡುವಿನದಕ್ಕೆ ಒಂದು, ಮೇಲಿನ ಎರಡಕ್ಕೆ ಒಂದು. ಮದ್ದುಗುಂಡು ದುಪ್ಪಟ್ಟು ಸಿಗುವುದು ತೀರಾ ಸುಲಭದಲ್ಲಿ ಮತ್ತು ತೀರಾ ಕಷ್ಟದಲ್ಲಿ. ನೈಟ್‌ಮೇರ್‌ನಲ್ಲಿ ರಾಕ್ಷಸರು ಎಸೆಯುವ ಬೆಂಕಿಯುಂಡೆಗಳಿಗೆ ವೇಗ ಹೆಚ್ಚು. ಸತ್ತವರು ಕನಿಷ್ಠ 12 ಸೆಕೆಂಡು ಕಳೆದ ಮೇಲೆ ಮತ್ತೆ ಎದ್ದು ಬರಬಲ್ಲರು. ಆದರೆ ಇಡೀ ಹಂತವೇ ಅಷ್ಟರೊಳಗೆ ಮುಗಿದುಹೋದರೆ, ಮರಳಿ ಏಳುವ ಆ ಭಯಂಕರ ನಿಯಮಕ್ಕೆ ಕೆಲಸವೇ ಇಲ್ಲ.

ಎಲ್ಲಕ್ಕಿಂತ ಸ್ವಾರಸ್ಯದ ಸಾಲು ಪೆಟ್ಟಿನ ಲೆಕ್ಕದಲ್ಲಿದೆ. ಅತಿ ಸುಲಭದ ಮಟ್ಟದಲ್ಲಿ, ಹೊಸಬರ ಮೇಲಿನ ಕರುಣೆಯಿಂದ, ಆಟಗಾರನಿಗೆ ಬೀಳುವ ಪೆಟ್ಟನ್ನು ಅರ್ಧಕ್ಕೆ ಇಳಿಸಲಾಗುತ್ತದೆ. ಡೂಮ್‌ನಲ್ಲಿ ಪೆಟ್ಟು ಬಿದ್ದವನು ಹೊಡೆತದ ದಿಕ್ಕಿಗೆ ತಳ್ಳಲ್ಪಡುತ್ತಾನೆ, ಮತ್ತು ಆ ತಳ್ಳುವಿಕೆಯ ಬಲ ಪೆಟ್ಟಿನ ಪ್ರಮಾಣವನ್ನು ಅನುಸರಿಸುತ್ತದೆ. ಕೋಡಿನಲ್ಲಿ ಪೆಟ್ಟು ಅರ್ಧವಾಗುವುದು ಮೊದಲು. ತಳ್ಳುವ ಬಲದ ಲೆಕ್ಕ ಆಮೇಲೆ. ಹಾಗಾಗಿ ತಳ್ಳುವಿಕೆಯೂ ಅರ್ಧ! ಬೆನ್ನಿಗೆ ಪೆಟ್ಟು ತಿಂದು ಮುಂದಕ್ಕೆ ಚಿಮ್ಮಿ ಸಮಯ ಉಳಿಸುವ ಟಾಸ್ ಆಟಗಾರನಿಗೆ ಆ ಕರುಣೆಯೇ ನಷ್ಟ. 1994ರ ‘ಡೂಮ್ 2’ರಲ್ಲಿ ಬರುವ ರಾಕ್ಷಸ ಆರ್ಚ್-ವೈಲ್‌ನದೂ ಇದೇ ಕತೆ. ಅವನ ಏಟು ಆಟಗಾರನನ್ನು ಮೇಲಕ್ಕೆ ಎಸೆಯುತ್ತದೆ. ನಡೆದು ಹೋಗಲಾಗದ ಕಟ್ಟೆಗಳನ್ನು ಹಾಗೆ ಹತ್ತಬಹುದು. ಸುಲಭದ ಮಟ್ಟದಲ್ಲಿ ಅವನು ಆ ಜಾಗದಲ್ಲಿ ಇಲ್ಲದಿದ್ದರೆ ದಾರಿಯೂ ಇಲ್ಲ. ಶತ್ರು ಇಲ್ಲಿ ಏಣಿ.

ಅದೃಷ್ಟವೂ ಈ ಬೈಟಿನ ಹಿಡಿತದಲ್ಲಿದೆ. ಪೆಟ್ಟು ಎಷ್ಟು ಬೀಳಬೇಕು, ರಾಕ್ಷಸ ಎತ್ತ ತಿರುಗಬೇಕು ಎಂಬುದನ್ನೆಲ್ಲ ಡೂಮ್ 256 ಸಂಖ್ಯೆಗಳ ಒಂದು ಸ್ಥಿರ ಪಟ್ಟಿಯಿಂದ ಸಾಲಾಗಿ ಎತ್ತಿಕೊಳ್ಳುತ್ತದೆ; ಚೌಕಾಬಾರದಲ್ಲಿ ಕವಡೆ ಬೀಳುವ ಕ್ರಮವನ್ನು ಮೊದಲೇ ಬರೆದಿಟ್ಟ ಹಾಗೆ. ರಾಕ್ಷಸರು ಹೆಚ್ಚಿದಷ್ಟೂ ಪಟ್ಟಿ ಬೇಗ ಬೇಗ ಮುಂದೆ ಸರಿಯುತ್ತದೆ. ಆದ್ದರಿಂದ ಒಂದು ಮಟ್ಟದಲ್ಲಿ ಕಂಡುಕೊಂಡ ಅದೃಷ್ಟ ಇನ್ನೊಂದಕ್ಕೆ ದಕ್ಕುವುದಿಲ್ಲ. ಬಾಗಿಲಿಗೆ ಅಡ್ಡ ನಿಂತ ರಾಕ್ಷಸನನ್ನು ಸರಿಸಲು ಬೇಕಾದ ಸಂಖ್ಯೆಗಾಗಿ ಆಟಗಾರ ಮತ್ತೆ ಹುಡುಕಾಡಬೇಕು.

ಮುಂದೆ ಟಾಸ್ ಬೇರೆ ಬೇರೆ ಆಟಗಳಿಗೆ ಹರಡಿದಾಗ ಈ ಪಾಠ ಅಲ್ಲಿಗೂ ಹೊಂದಿತು. 1997ರ ‘ಗೋಲ್ಡನ್‌ಐ 007’ರ ಮೊದಲ ಹಂತವಾದ ಅಣೆಕಟ್ಟನ್ನು ನೋಡಿ. ‘ಏಜೆಂಟ್’ ಮಟ್ಟದಲ್ಲಿ ತುದಿಯ ತನಕ ಹೋಗಿ ಕೆಳಕ್ಕೆ ಹಾರಿದರೆ ಸಾಕು. ‘ಸೀಕ್ರೆಟ್ ಏಜೆಂಟ್’ನಲ್ಲಿ ಅಲಾರಂಗಳನ್ನೆಲ್ಲ ಒಡೆಯಬೇಕು. ‘00 ಏಜೆಂಟ್’ನಲ್ಲಿ ಮೋಡೆಮ್ ಅಳವಡಿಸಿ ಮಾಹಿತಿಯನ್ನೂ ಕದಿಯಬೇಕು. ಮಟ್ಟ ಬದಲಾದರೆ ದಾರಿಯೇ ಬೇರೆ. ಇನ್ನು ಕೆಲವು ಆಟಗಳಲ್ಲಿ ಕಷ್ಟ ಹೆಚ್ಚಿದರೆ ಶತ್ರುವಿನ ಆಯುಸ್ಸಷ್ಟೇ ಉದ್ದವಾಗುತ್ತದೆ. ಅಲ್ಲಿ ಗರಿಷ್ಠ ಮಟ್ಟ ಆರಿಸಿದರೆ, ಒಂದೇ ಗೋಡೆಗೆ ಗುದ್ದುವುದನ್ನು ನೋಡುಗ ಇನ್ನಷ್ಟು ಹೊತ್ತು ನೋಡಬೇಕು, ಅಷ್ಟೆ.

ಟಾಸ್‌ಗೆ ‘ಕಷ್ಟ’ ಒಂದು ಪದವಿಯಲ್ಲ, ಕಚ್ಚಾ ಸಾಮಗ್ರಿ. ಮಟ್ಟದ ಹೆಸರಿಗೆ ಮರುಳಾಗದೆ, ಅದು ಆಟದಲ್ಲಿ ಏನನ್ನು ಸೇರಿಸುತ್ತದೆ, ಏನನ್ನು ಕಳೆಯುತ್ತದೆ ಎಂದು ಮೊದಲು ಪರೀಕ್ಷಿಸಿ ನೋಡಿ. ಹೊಸ ದಾರಿ, ಹೊಸ ಅಪಾಯ, ಹೊಸ ಏಣಿ ಸಿಗುವುದಾದರೆ ಕಠಿಣವನ್ನೇ ಆರಿಸಿ. ಬರೀ ಹೊತ್ತು ಹೆಚ್ಚುವುದಾದರೆ ಬಿಟ್ಟುಬಿಡಿ. ಆರಿಸಿದ್ದು ಯಾವುದೇ ಇರಲಿ, ಅದನ್ನು ಸಮಯದ ಪಕ್ಕದಲ್ಲೇ ಬರೆಯಿರಿ. ಒಂದು ಮಟ್ಟದ ಸಮಯವನ್ನು ಇನ್ನೊಂದರ ಸಮಯದ ಜತೆ ತೂಗುವುದು ಸರಿಯಲ್ಲ.