ನಾಲಿಗೆಯ ರುಚಿಯಲ್ಲಿ ಮೂಗಿನ ಪಾಲು

ನೆಗಡಿಯಾದ ಮಗು 'ಸಾರು ಸಪ್ಪೆಯಾಗಿದೆ' ಎಂದು ತಟ್ಟೆಯನ್ನು ಸರಿಸುತ್ತದೆ. ಸಾರಿನಲ್ಲಿ ಉಪ್ಪೂ ಹುಳಿಯೂ ಹದವಾಗಿಯೇ ಇರುತ್ತವೆ. ನಾಲಿಗೆ ಅವನ್ನು ಗುರುತಿಸುತ್ತಲೂ ಇರುತ್ತದೆ. ಕಾಣೆಯಾಗಿರುವುದು ಒಗ್ಗರಣೆಯ ಇಂಗು, ಕರಿಬೇವುಗಳ ಕಂಪು. ಜ್ಞಾನೇಂದ್ರಿಯಗಳ ಪಾಠದಲ್ಲಿ ನಾಲಿಗೆಯನ್ನು ಒಂದು ದಿನ, ಮೂಗನ್ನು ಮತ್ತೊಂದು ದಿನ ಕಲಿಸಿ ಮುಗಿಸುವ ನಮ್ಮ ರೂಢಿಯಿಂದ ಈ ಅನುಭವಕ್ಕೆ ವಿವರಣೆ ದೊರೆಯುವುದಿಲ್ಲ.

ನಾಲಿಗೆಯ ರುಚಿಮೊಗ್ಗುಗಳು ಗುರುತಿಸುವ ಮೂಲರುಚಿಗಳು ಐದೇ: ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ. ಈ ಐದನೆಯದನ್ನು 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೇ ಇಕೆಡ ಸಮುದ್ರಪಾಚಿಯ ಸಾರಿನಲ್ಲಿ ಗುರುತಿಸಿದರು. ಮಾಗಿದ ಟೊಮೆಟೊ, ಅಣಬೆಗಳಲ್ಲಿಯೂ ಅದುಂಟು. ಮೂಗಿನ ಸಂಪತ್ತಾದರೋ ಬಹಳ ದೊಡ್ಡದು. ಮನುಷ್ಯರಲ್ಲಿ ಸುಮಾರು 400 ಬಗೆಯ ಘ್ರಾಣಗ್ರಾಹಕಗಳಿವೆ. ಇವುಗಳ ವಂಶವಾಹಿಗಳನ್ನು 1991ರಲ್ಲಿ ಪತ್ತೆಹಚ್ಚಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ವಾಸನೆ ಮೂಗನ್ನು ಸೇರಲು ಎರಡು ದಾರಿಗಳಿವೆ ಎಂಬುದು ಇಲ್ಲಿ ಮುಖ್ಯ. ಮೊದಲನೆಯದು ಹೊಳ್ಳೆಗಳ ಮೂಲಕ, ಉಸಿರೆಳೆದಾಗ. ಎರಡನೆಯದು ಒಳಗಿನಿಂದ: ಅಗಿದು ನುಂಗುವಾಗ ಆಹಾರದಿಂದ ಹೊಮ್ಮುವ ಆವಿಯ ಕಣಗಳು ಗಂಟಲ ಹಿಂಬದಿಯಿಂದ ಮೇಲೇರಿ, ಹೊರಬಿಡುವ ಉಸಿರಿನೊಡನೆ ಮೂಗಿನ ಮೇಲ್ಛಾವಣಿಯನ್ನು ತಲಪುತ್ತವೆ. ಮಿದುಳು ಇವೆರಡನ್ನೂ ನಾಲಿಗೆಯ ಸ್ಪರ್ಶದೊಡನೆ ಬೆಸೆದು, ಎಲ್ಲವೂ ಬಾಯಲ್ಲೇ ನಡೆಯಿತೆಂಬ ಭಾವನೆಯನ್ನು ಹುಟ್ಟಿಸುತ್ತದೆ. ನಾವು 'ರುಚಿ' ಎನ್ನುವುದರ ಬಹುಪಾಲು ಹೀಗೆ ಮೂಗಿನ ಕೊಡುಗೆ.

ಇದನ್ನು ತರಗತಿಯಲ್ಲಿ ತೋರಿಸಲು ಏಲಕ್ಕಿಪುಡಿ ಬೆರೆಸಿದ ಚಿಟಿಕೆ ಸಕ್ಕರೆ ಸಾಕು. ಮಗು ಕಣ್ಣು ಮುಚ್ಚಿ, ಮೂಗನ್ನು ಬಿಗಿಯಾಗಿ ಹಿಡಿದು ಅದನ್ನು ಚೀಪಲಿ; ಸಿಹಿ ಮಾತ್ರ ಎನ್ನುತ್ತದೆ. ಮೂಗನ್ನು ಬಿಟ್ಟೊಡನೆ 'ಏಲಕ್ಕಿ!' ಎಂದು ಕೂಗುತ್ತದೆ. (ಯಾವ ಮಗುವಿಗೆ ಯಾವ ಪದಾರ್ಥ ಒಗ್ಗದೆಂದು ಮನೆಯವರಲ್ಲಿ ಮೊದಲೇ ಕೇಳಿಕೊಳ್ಳಿರಿ.)

ತುದಿಯಲ್ಲಿ ಸಿಹಿ, ಹಿಂದೆ ಕಹಿ ಎಂದು ನಾಲಿಗೆಯನ್ನು ಹೋಳು ಮಾಡುವ ಚಿತ್ರವನ್ನು ಇನ್ನು ಗೋಡೆಯಿಂದ ತೆಗೆಯಬಹುದು. 1901ರಲ್ಲಿ ಜರ್ಮನಿಯ ಹೇನಿಗ್ ಗುರುತಿಸಿದ್ದು ಸಂವೇದನೆಯಲ್ಲಿನ ಅಲ್ಪ ವ್ಯತ್ಯಾಸವನ್ನು ಮಾತ್ರ. ಮುಂದಿನವರು ಅದನ್ನು ಗಡಿರೇಖೆಗಳಾಗಿ ಓದಿಕೊಂಡರು. ರುಚಿಮೊಗ್ಗುಗಳಿರುವ ಕಡೆಗಳಲ್ಲೆಲ್ಲ ಐದೂ ರುಚಿಗಳು ತಿಳಿಯುತ್ತವೆ. ಪರೀಕ್ಷೆಯಲ್ಲಿ ಆ ಚಿತ್ರವನ್ನು ಬರೆಸಿ ಅಂಕ ಕೊಡುವುದು ಮಕ್ಕಳಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಇನ್ನು ಖಾರದ ವಿಷಯ. ನಮ್ಮ ಪರಂಪರೆಯ ಷಡ್ರಸಗಳಲ್ಲಿ ಖಾರವೂ ಒಗರೂ ಇವೆ; ಮಗು ಅವನ್ನು ಪಟ್ಟಿಗೆ ಸೇರಿಸಿದರೆ ತಪ್ಪೆಂದು ಗೀಟು ಹಾಕದೆ ವಿವರಿಸಿರಿ. ಮೆಣಸಿನಕಾಯಿ ಕೆರಳಿಸುವುದು ಸುಡುವ ಬಿಸಿಯನ್ನು ಅರಿಯುವ ನರಗಳನ್ನು. ಒಗರು ಬಹುಮಟ್ಟಿಗೆ ಬಾಯಿ ಒರಟಾಗುವ ಸ್ಪರ್ಶಾನುಭವ. ಮಲಯಾಳಂ ಭಾಷೆಯಲ್ಲಿ ಖಾರಕ್ಕೆ 'ಎರಿವ್' ಎನ್ನುತ್ತಾರೆ, ಅಂದರೆ ಉರಿ. ಕಾಸರಗೋಡಿನ ಮಕ್ಕಳಿಗೆ ಈ ಪದವೇ ಅರ್ಧ ಪಾಠ. ಸೊಲ್ಲಾಪುರ, ಜತ್ತ ಭಾಗದಲ್ಲಿ ತೊಡಕು ಬೇರೆ: ಮರಾಠಿಯ 'ಖಾರಟ' ಎಂದರೆ ಉಪ್ಪುಪ್ಪು. ಎರಡೂ ನುಡಿಗಳಲ್ಲಿ ಬೆಳೆಯುವ ಮಗು ಈ ಪದಗಳನ್ನು ಬೆರೆಸಿದರೆ ಅದು ನಾಲಿಗೆಯ ದೋಷವೂ ಅಲ್ಲ, ವಿಜ್ಞಾನದ ಅಜ್ಞಾನವೂ ಅಲ್ಲ. ಕಪ್ಪುಹಲಗೆಯ ಮೇಲೆ ಎರಡೂ ಪದಗಳನ್ನು ಬರೆದು, ಒಂದು ಹರಳು ಉಪ್ಪನ್ನು ಕೈಗಿಟ್ಟರೆ ತೊಡಕು ಬಿಡುತ್ತದೆ.

ಏಲಕ್ಕಿಯ ಪ್ರಯೋಗದಲ್ಲಿ ಮೂಗು ಬಿಟ್ಟ ಮೇಲೂ ಸಿಹಿಯನ್ನಷ್ಟೇ ಹೇಳುವ ಮಗುವೊಂದು ಸಿಗಬಹುದು. ನೆಗಡಿ ಇಲ್ಲದಿದ್ದರೆ ಅದನ್ನು ಗೇಲಿಗೆ ಬಿಡದೆ ಪೋಷಕರಿಗೆ ತಿಳಿಸಿ, ವೈದ್ಯರಿಗೆ ತೋರಿಸಲು ಹೇಳಿರಿ. ಅಡುಗೆ ಅನಿಲಕ್ಕೆ ಸೋರಿಕೆ ತಿಳಿಯಲೆಂದೇ ದುರ್ವಾಸನೆಯನ್ನು ಬೆರೆಸಿರುತ್ತಾರೆ. ಆ ಎಚ್ಚರಿಕೆ ಇಂಥ ಮಗುವಿಗೆ ತಲಪುವುದಿಲ್ಲ.