ಗರಗಸ ಮಂಡಲ: ರೂಪ ಮತ್ತು ನೆಲೆ

ಕೊಹಿನೂರನ್ನು ಒಳಗೊಂಡ ಬಸವಕಲ್ಯಾಣ-ಹುಮನಾಬಾದ ಸೀಮೆಯು ದಖ್ಖನ್ ಪ್ರಸ್ಥಭೂಮಿಯ ಒಣನೆಲ. ಕರಿಶಿಲೆಯ ಮೇಲೆ ಅಲ್ಲಲ್ಲಿ ಜಂಬಿಟ್ಟಿಗೆ, ಹೊಲದ ಅಂಚಿಗೆ ಕಲ್ಲೊಡ್ಡು, ಬೀಳುಭೂಮಿಯಲ್ಲಿ ಕುರುಚಲು ಗಿಡ. ಗರಗಸ ಮಂಡಲಕ್ಕೆ ಒಪ್ಪುವ ನೆಲವಿದು. ಗಡಿಯಾಚೆಯ ಮರಾಠಿಯಲ್ಲಿ ಇದಕ್ಕೆ ‘ಫುರ್ಸೆ’ ಎಂದು ಹೆಸರು.

ದಕ್ಷಿಣ ಭಾರತದಲ್ಲಿ ಇದರ ಉದ್ದ ಸಾಮಾನ್ಯವಾಗಿ ಒಂದು ಅಡಿಯ ಆಸುಪಾಸು. ಮೈಬಣ್ಣ ಕಂದು, ಕೆಲವೊಮ್ಮೆ ಇಟ್ಟಿಗೆಗೆಂಪು ಅಥವಾ ಬೂದು. ಬೆನ್ನುದ್ದಕ್ಕೂ ತಿಳಿಬಣ್ಣದ ಮಚ್ಚೆಗಳು, ಪಕ್ಕಗಳಲ್ಲಿ ಬಿಳಿಯ ಬಳುಕುಗೆರೆ, ತಲೆಯ ಮೇಲೆ ಹಕ್ಕಿಯ ಹೆಜ್ಜೆಯನ್ನು ಹೋಲುವ ಗುರುತು. 1801ರಲ್ಲಿ ಷ್ನೈಡರ್ ಕೊಟ್ಟ ‘ಕ್ಯಾರಿನೇಟಸ್’ ಎಂಬ ಲ್ಯಾಟಿನ್ ವಿಶೇಷಣಕ್ಕೆ ‘ಏಣುಳ್ಳದ್ದು’ ಎಂದರ್ಥ. ಕನ್ನಡದ ಹೆಸರು ಇನ್ನೂ ಸೂಕ್ಷ್ಮವಾದುದು. ಪಕ್ಕಗಳ ಓರೆ ಹುರುಪೆಗಳ ಏಣುಗಳಲ್ಲಿ ಗರಗಸದಂತೆ ಹಲ್ಲುಗಳಿವೆ. ಕೆಣಕಿದಾಗ ಹಾವು ಸುರುಳಿಗಳನ್ನು ಒಂದಕ್ಕೊಂದು ಉಜ್ಜಿ ಕರಕರ ಸದ್ದು ಹೊರಡಿಸುತ್ತದೆ.

ಇದರ ವ್ಯಾಪ್ತಿ ಶ್ರೀಲಂಕಾದ ಒಣಪ್ರದೇಶದಿಂದ ಭಾರತ, ಪಾಕಿಸ್ತಾನ, ಇರಾನ್‌ಗಳ ಮೂಲಕ ಮಧ್ಯ ಏಷ್ಯಾ ಹಾಗೂ ಅರೇಬಿಯದ ಅಂಚಿನವರೆಗೆ ಹರಡಿದೆ. ಇದನ್ನು ಕಂಡು ಬರಗಾಲದ ನೆಲದ ಹಾವೆಂದು ತೀರ್ಮಾನಿಸುವುದು ಸುಲಭ. ಆದರೆ ಭಾರಿ ಮಳೆಯ ಕೊಂಕಣದಲ್ಲಿಯೂ, ರತ್ನಾಗಿರಿಯ ಜಂಬಿಟ್ಟಿಗೆ ಬಯಲುಗಳಲ್ಲಿ ಇದು ಹೇರಳವಾಗಿದೆ. ಸಹ್ಯಾದ್ರಿಯ ದಟ್ಟ ನಿತ್ಯಹರಿದ್ವರ್ಣ ಕಾಡಿನಲ್ಲಿ ಮಾತ್ರ ಇಲ್ಲ. ಆದುದರಿಂದ ಮಳೆಯ ಪ್ರಮಾಣಕ್ಕಿಂತ ಮರಗಳ ಮುಸುಕಿಲ್ಲದ ಕಲ್ಲುನೆಲವೇ ಇದರ ನೆಲೆಯನ್ನು ನಿರ್ಧರಿಸುವಂತೆ ತೋರುತ್ತದೆ. ಬೀದರ ಜಿಲ್ಲೆಯ ಜಂಬಿಟ್ಟಿಗೆ ದಿಬ್ಬಗಳನ್ನು ಈ ದೃಷ್ಟಿಯಿಂದ ನೋಡುವುದು ಉಚಿತ.

ಹಗಲಿನಲ್ಲಿ ಕಲ್ಲಿನಡಿ ಅಡಗಿ ಇರುಳಿನಲ್ಲಿ ಸಂಚರಿಸುವ ಈ ಹಾವು ಕಚ್ಚುವುದು ಬಹುಮಟ್ಟಿಗೆ ಒಡ್ಡಿನ ಕಲ್ಲು ಎತ್ತುವ ಕೈಗೆ, ಕತ್ತಲೆಯಲ್ಲಿ ಬರಿಗಾಲಿಗೆ. ಗಾಯ ಕಿರಿದಾಗಿ ಕಂಡರೂ ವಿಷವು ರಕ್ತ ಹೆಪ್ಪುಗಟ್ಟುವ ಗುಣವನ್ನು ಕೆಡಿಸುತ್ತದೆ. ವಸಡಿನಲ್ಲಿ, ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳಲು ಹಲವು ಗಂಟೆಗಳೇ ಹಿಡಿಯಬಹುದು. ಭಾರತದ ಬಹುವಿಷನಿರೋಧಕ ಚುಚ್ಚುಮದ್ದು ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ ಹಾಗೂ ಇದರ ವಿಷವನ್ನು ಬಳಸಿ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ರೋಗವೆಂದು ಘೋಷಿಸಿತು.

ಇದೇ ನೆಲದ ಬೆಕ್ಕುಗಣ್ಣಿನ ಹಾವೂ ಕಂದು ಬಣ್ಣದ್ದೇ; ಮನುಷ್ಯನಿಗೆ ಅಪಾಯವಿಲ್ಲದ ಅದು ಮಂಡಲವೆಂದು ಭ್ರಮಿಸಿದವರ ಕೈಯಲ್ಲಿ ಸಾಯುತ್ತದೆ. ಅದರ ಮೈ ತೆಳ್ಳಗೆ, ಹುರುಪೆ ನುಣುಪು, ನೆತ್ತಿಯಲ್ಲಿ ದೊಡ್ಡ ಫಲಕಗಳು. ಗರಗಸ ಮಂಡಲದ ನೆತ್ತಿಯಲ್ಲಾದರೋ ಒರಟಾದ ಸಣ್ಣ ಹುರುಪೆಗಳೇ ತುಂಬಿರುತ್ತವೆ, ಬಾಲ ಮೊಟಕು.